ಹೊಡೆದುಹಾಕಿದ ಹನ್ನೊಂದನೆಯ ಕಲಮು

ಮದುವೆಯಾಗದೆಯೇ ಒಂದು ಕಾರ್ಖಾನೆಗೆಲ್ಲ ಅತ್ತೆಯಾದವಳು ಅವಳು. ಅಣ್ಣನ ಇಬ್ಬರು ಮಕ್ಕಳು ಅತ್ತೆ ಎನ್ನುತ್ತಿದ್ದರು. ಅವರ ಬಾಯಿಂದ ಕೇಳಿ ಕೇಳಿ ಕೆಲಸಗಾರರೂ ಅತ್ತೆ ಎಂದರು. ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಅಂಚೆಯವನೂ ಬಾಗಿಲಲ್ಲಿ ನಿಂತು "ಅತ್ತೆ, ಇಲ್ಲೊಂದು ಸಹಿ" ಎನ್ನುವ ಮಟ್ಟಕ್ಕೆ ಬಂತು.

ಅದು ಬ್ರಷ್ ಮಾಡುವ ಕಾರ್ಖಾನೆ. ನೆಲ ಉಜ್ಜುವ ಬ್ರಷ್, ಬಾಟಲಿ ತೊಳೆಯುವ ಬ್ರಷ್, ಗೋಡೆಗೆ ಬಣ್ಣ ಬಳಿಯುವ ಬ್ರಷ್. ಕೆಳಗಿನ ಅಂತಸ್ತಿನಲ್ಲಿ ಮರದ ಹಿಡಿ ಕಡೆಯುವ, ತೂತು ಕೊರೆಯುವ ಯಂತ್ರಗಳು. ನಡುವಿನ ಅಂತಸ್ತಿನಲ್ಲಿ ಉದ್ದನೆಯ ಮೇಜುಗಳ ಮುಂದೆ ಕೂತು ಕೂದಲು ಬಾಚಿ, ಉದ್ದ ನೋಡಿ ಬೇರ್ಪಡಿಸಿ, ಕಟ್ಟು ಕಟ್ಟುವ ಹೆಂಗಸರು. ಅದರ ಮೇಲೆ ಅತ್ತೆಯ ಎರಡು ಕೋಣೆ. ಬೀದಿಗೆ ಇಳಿಯಲು ಬೇರೆ ಮೆಟ್ಟಿಲಿರಲಿಲ್ಲ. ಬೆಳಗ್ಗೆ ಹಾಲು ತರಲು ಹೊರಟರೂ ಮೂರು ಕಡೆ ನಿಂತು, ಮೂರು ಪ್ರಶ್ನೆಗೆ ಉತ್ತರ ಹೇಳಿ, ಒಂದಾದರೂ ಜಗಳ ಬಿಡಿಸಿಯೇ ಅವಳು ಹೊಸ್ತಿಲು ದಾಟಬೇಕಿತ್ತು.

ಅಪ್ಪ ಸಾಯುವಾಗ ಎಲ್ಲವನ್ನೂ ಅಣ್ಣನ ಹೆಸರಿಗೆ ಬರೆದಿದ್ದ. "ತಂಗೀನ ನೋಡ್ಕೋ" ಎಂದು ಬಾಯಲ್ಲಿ ಹೇಳಿದ್ದ. ಅಣ್ಣ ನೋಡಿಕೊಂಡ, ಇಲ್ಲವೆನ್ನುವಂತಿಲ್ಲ. ಆದರೆ ಕಾರ್ಖಾನೆಯನ್ನು ನೋಡಿಕೊಂಡವಳು ತಂಗಿ. ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿ ಇದು ಹಂದಿಯ ಕೂದಲು, ಇದು ಕುದುರೆಯದು, ಇದು ನಾರು, ಇದು ನಮ್ಮ ಕಣ್ಣಿಗೆ ಮಣ್ಣೆರಚಲು ಬೆರೆಸಿದ ನೈಲಾನು ಎಂದು ಹೇಳಬಲ್ಲವಳು ಅವಳೊಬ್ಬಳೇ.

ಐವತ್ತೊಂದನೆಯ ವಯಸ್ಸಿನಲ್ಲಿ ಅವಳು ಕಾರ್ಖಾನೆ ಬಿಟ್ಟು ಹೋಗಬೇಕೆಂದು ಮನಸ್ಸು ಮಾಡಿದಳು. ಅದಕ್ಕೆ ಕಾರಣ ಒಂದು ದೂರಿನ ಪತ್ರ. ಐದು ವರ್ಷದ ಹಿಂದೆ, ರೈಲಿನಲ್ಲಿ ನಾಲ್ಕು ಗಂಟೆ ದೂರದ ಊರಿನ ಈಜುಕೊಳದಿಂದ ಬಂದಿತ್ತು. "ನಿಮ್ಮ ಬ್ರಷ್ಷಿನ ಕೂದಲು ಉದುರಿ ನಮ್ಮ ಕೊಳದಲ್ಲಿ ಈಜುತ್ತಿವೆ. ನಾನಂತೂ ಅವಕ್ಕೆ ಈಜು ಕಲಿಸಿಲ್ಲ" ಎಂದು ಅಲ್ಲಿನ ಈಜು ಮೇಷ್ಟ್ರು ಬರೆದಿದ್ದರು. ಅತ್ತೆ ಪತ್ರ ಓದಿ ನಕ್ಕಳು, ಹೊಸ ಬ್ರಷ್ಷುಗಳನ್ನು ತಾನೇ ಕೂತು ಕಟ್ಟಿಸಿ ಕಳಿಸಿದಳು, ಜೊತೆಗೆ ಕ್ಷಮೆ ಕೇಳಿ ನಾಲ್ಕು ಸಾಲು ಬರೆದಳು. ನಾಲ್ಕು ಸಾಲಿಗೆ ಎಂಟು ಸಾಲಿನ ಉತ್ತರ ಬಂತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದ ಮನುಷ್ಯ, ಮಾತಿಗೆ ಬರವಿಲ್ಲ. ಆಮೇಲೆ ಪತ್ರಗಳ ಜಾಗದಲ್ಲಿ ಭಾನುವಾರದ ರೈಲು ಬಂತು. ಒಂದು ಭಾನುವಾರ, ಕೊಳದ ಕಟ್ಟೆಯ ಮೇಲೆ ಕೂತು, ಅವರು ಕೇಳಿದರು. ಅವಳು ಹೂಂ ಎಂದಳು. ಅಷ್ಟೇ.

ಅಣ್ಣನಿಗೆ ಹೇಳಿದಾಗ ಅವನು ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡ. ಮೂರನೆಯ ದಿನ ತಾನೇ ಮೇಲಿನ ಕೋಣೆಗೆ ಹತ್ತಿ ಬಂದ. ಅವನ ಮಂಡಿಗೆ ಆ ಮೆಟ್ಟಿಲು ಸುಲಭವಲ್ಲ. ಉಸಿರು ಸರಿಹೋಗುವ ತನಕ ಕಿಟಕಿ ಹಿಡಿದು ನಿಂತ.

"ಹೋಗು. ಬೇಡ ಅನ್ನೋಕೆ ನಾನ್ಯಾರು? ಆದ್ರೆ ಒಂದು ಕೆಲಸ ಮುಗಿಸಿಕೊಟ್ಟು ಹೋಗು."

"ಏನದು?"

"ಕಾರ್ಖಾನೇನ ಟ್ರಸ್ಟ್ ಮಾಡ್ಬೇಕು ಅಂತಿದ್ದೀನಿ. ನಾನು ಕಣ್ಣು ಮುಚ್ಚಿದ ಮಾರನೇ ದಿನ ಇವರಿಬ್ಬರೂ ಸೇರಿ ಇದನ್ನ ಹರಿದು ಹಂಚ್ಕೊಂಡ್ಬಿಡ್ತಾರೆ."

ಅದು ಸುಳ್ಳಲ್ಲ. ಅಣ್ಣನ ಮಕ್ಕಳದು ಎತ್ತು ಏರಿಗೆ, ಕೋಣ ನೀರಿಗೆ. ಮಗನಿಗೆ ಕಟ್ಟಡ ಮಾರುವ ಯೋಚನೆ. ಮಗಳಿಗೆ ಕಾರ್ಖಾನೆ ಉಳಿಯಬೇಕು, ಆದರೆ ತನ್ನ ಅಣ್ಣನ ನೆರಳೂ ಅದರೊಳಗೆ ಬೀಳಬಾರದು. ಇಬ್ಬರೂ ಒಪ್ಪುವ ಒಂದೇ ಒಂದು ಹೆಸರು ಅತ್ತೆಯದು.

"ನೀನು ಟ್ರಸ್ಟಿ ಆಗು. ಒಂದು ವರ್ಷ ಸಾಕು, ಹೆಸರಿಗೆ. ಗಾಡಿ ದಾರಿ ಹಿಡಿದ ಮೇಲೆ ಬಿಟ್ಟು ಹೋಗು."

ಒಂದು ವರ್ಷ ಕಾಯಲು ಈಜು ಮೇಷ್ಟ್ರು ಒಪ್ಪಿದರು. "ಐವತ್ತೊಂದು ವರ್ಷ ಎಲ್ಲಿದ್ರೋ ಏನೋ, ಇನ್ನೊಂದು ಏನು ಮಹಾ" ಎಂದರು.

ವಕೀಲಮ್ಮನ ಕಚೇರಿ ಒಂದು ಔಷಧಿ ಅಂಗಡಿಯ ಮೇಲಿತ್ತು. ಆಕೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಪಾಠ ಹೇಳುವವರ ಹಾಗೆ ಬಿಡಿಸಿ ಹೇಳುತ್ತಿದ್ದರು.

"ಟ್ರಸ್ಟ್ ಅಂದ್ರೆ ನಂಬಿಕೆ, ಆದ್ರೆ ಯಾವುದನ್ನೂ ನಂಬಿ ಬರೆಯೋ ಹಾಗಿಲ್ಲ. ಯಜಮಾನ್ರೇ, ಮೊದಲು ನೀವು ಯಾರ ಒತ್ತಾಯಕ್ಕೂ ಅಲ್ಲದೆ, ಬುದ್ಧಿ ಸರಿಯಿದ್ದು ಇದನ್ನ ಮಾಡ್ತಿದ್ದೀರಿ ಅಂತ ಕಾಣಬೇಕು. ಯಾವ ಆಸ್ತಿ ಅನ್ನೋದು ಸ್ಪಷ್ಟ ಇರಬೇಕು. 'ಕಾರ್ಖಾನೆ ವಗೈರೆ' ಅಂತ ಬರೆದರೆ ನಡೆಯಲ್ಲ, ಪಟ್ಟಿ ಬೇಕು. ಯಾರಿಗೋಸ್ಕರ ಅನ್ನೋದು ಗೊತ್ತಾಗಬೇಕು. ಏನು ಮಾಡೋಕೆ ಅನ್ನೋದು ಕಾನೂನಿಗೆ ಒಪ್ಪಬೇಕು. ಟ್ರಸ್ಟಿ ಒಪ್ಪಿ ಸಹಿ ಹಾಕಬೇಕು, ಇಬ್ಬರು ಸಾಕ್ಷಿ ಬೇಕು, ನೋಂದಣಿ ಆಗಬೇಕು, ಆಸ್ತಿ ನಿಜವಾಗಿ ಅವರ ಕೈಗೆ ಹೋಗಬೇಕು. ಇಷ್ಟರಲ್ಲಿ ಒಂದು ತಪ್ಪಿದ್ರೂ ಅದು ಟ್ರಸ್ಟ್ ಅಲ್ಲ, ಬರೀ ಕಾಗದ."

"ಯಾರಿಗೋಸ್ಕರ ಅಂದ್ರೆ, ನನ್ನ ಮಕ್ಕಳು, ಮೊಮ್ಮಕ್ಕಳು," ಎಂದ ಅಣ್ಣ. ಮಗಳು ಆಗ ಎರಡು ತಿಂಗಳ ಬಸುರಿ.

"ಹುಟ್ಟಲಿರೋರೂ ಸೇರಿ?"

"ಸೇರಿ. ಅವರನ್ನ ಯಾಕೆ ಬಿಡೋದು?"

ಆಸ್ತಿಯ ಪಟ್ಟಿ ಮಾಡುವ ಕೆಲಸ ಅತ್ತೆಯ ತಲೆಗೆ ಬಂತು. ಇನ್ಯಾರ ತಲೆಗೆ ಬರಬೇಕು? ಒಂದು ವಾರ ಅವಳು ಪುಸ್ತಕ ಪೆನ್ಸಿಲು ಹಿಡಿದು ಕೆಳಗಿನಿಂದ ಮೇಲಿನ ತನಕ ನಡೆದಳು. ತೂತು ಕೊರೆಯುವ ಯಂತ್ರ ನಾಲ್ಕು, ಅದರಲ್ಲಿ ಒಂದರ ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತಿರುವುದು. ಕೂದಲು ಬಾಚುವ ಉಕ್ಕಿನ ಹಣಿಗೆ ಹನ್ನೆರಡು. ಅಂಟು ಕಾಯಿಸುವ ತಾಮ್ರದ ಪಾತ್ರೆ ಎರಡು. ಮೇಜು, ಬೆಂಚು, ದೀಪ. ಹತ್ತುತ್ತ ಹತ್ತುತ್ತ ಅವಳ ಕೋಣೆಯೇ ಬಂತು. ಕಟ್ಟಡ ಪೂರ್ತಿ ಎಂದ ಮೇಲೆ ಇದೂ ಕಟ್ಟಡವೇ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಪೆನ್ಸಿಲಿನ ತುದಿ ಕಚ್ಚಿದಳು. ಆಮೇಲೆ "ಮೇಲಿನ ಅಂತಸ್ತು, ಕೋಣೆ ಎರಡು, ಕಿಟಕಿ ಮೂರು" ಎಂದು ತನ್ನ ಕೈಯಾರೆ ಬರೆದಳು.

ಸಹಿಯ ದಿನ ವಕೀಲಮ್ಮ ಹದಿನೆಂಟು ಹಾಳೆಯ ಪತ್ರವನ್ನು ಅವಳ ಮುಂದೆ ಇಟ್ಟು, "ಪೂರ್ತಿ ಓದಿ, ಅಮ್ಮ. ಅವಸರ ಇಲ್ಲ" ಎಂದರು. ಅಣ್ಣ ಗಡಿಯಾರ ನೋಡಿದ. ನೋಂದಣಿ ಕಚೇರಿ ಒಂದು ಗಂಟೆಗೆ ಮುಚ್ಚುತ್ತಿತ್ತು. ಅವಳು ತನ್ನ ಪಟ್ಟಿಯಿದ್ದ ಕೊನೆಯ ನಾಲ್ಕು ಹಾಳೆಯನ್ನು ಅಕ್ಷರ ಅಕ್ಷರ ಓದಿದಳು, ಒಂದು ಕಡೆ ಹನ್ನೆರಡು ಹಣಿಗೆ ಎನ್ನುವುದು ಹನ್ನೊಂದಾಗಿದ್ದುದನ್ನು ತಿದ್ದಿಸಿದಳು. ಮೊದಲ ಹದಿನಾಲ್ಕು ಹಾಳೆಯನ್ನು ತಿರುವಿ ಹಾಕಿದಳು. ಅಣ್ಣ ಓದಿದ್ದಾನಲ್ಲ ಎಂದುಕೊಂಡಳು. ಸಹಿ ಹಾಕಿದಳು.

ವರ್ಷ ಕಳೆಯಿತು. ಅಣ್ಣನ ಮಗಳಿಗೆ ಮಗು ಹುಟ್ಟಿ ಐದು ತಿಂಗಳಾಯಿತು. ಕಾರ್ಖಾನೆ ಟ್ರಸ್ಟಿನ ಹೆಸರಿನ ಹೊಸ ಬೋರ್ಡು ಹಾಕಿಕೊಂಡು ಮೊದಲಿನ ಹಾಗೆಯೇ ನಡೆಯಿತು. ಈಜುಕೊಳದವರು ಮೇಷ್ಟ್ರಿಗೆ ಕೊಳಕ್ಕೆ ಅಂಟಿಕೊಂಡ ಸಣ್ಣ ಮನೆ ಕೊಡಲು ಒಪ್ಪಿದ್ದರು. ಸಂಸಾರ ಇದ್ದವರಿಗೆ ಮಾತ್ರ, ಬೇಸಿಗೆಯ ಮೊದಲ ತಾರೀಖಿನೊಳಗೆ ಬಂದು ಇರಬೇಕು, ಇಲ್ಲವೆಂದರೆ ಇನ್ನೊಬ್ಬರಿಗೆ. ಅತ್ತೆ ಒಂದು ಹಾಳೆಯಲ್ಲಿ ರಾಜೀನಾಮೆ ಬರೆದು ವಕೀಲಮ್ಮನ ಮೇಜಿನ ಮೇಲೆ ಇಟ್ಟಳು.

ವಕೀಲಮ್ಮ ಅದನ್ನು ಓದಿ ಮತ್ತೆ ಅವಳ ಕಡೆಗೇ ಸರಿಸಿದರು.

"ಇದು ನೌಕರಿ ಅಲ್ಲ, ಅಮ್ಮ. ಒಪ್ಪಿಕೊಳ್ಳೋ ಮುಂಚೆ ಬೇಡ ಅನ್ನಬಹುದಿತ್ತು. ಒಪ್ಪಿ ಸಹಿ ಹಾಕಿದ ಮೇಲೆ ನಿಮ್ಮಷ್ಟಕ್ಕೆ ನೀವು ಬಿಡೋ ಹಾಗಿಲ್ಲ. ಯಾರಿಗೋಸ್ಕರ ಟ್ರಸ್ಟ್ ಇದೆಯೋ ಅವರೆಲ್ಲ ಒಪ್ಪಬೇಕು."

"ಒಪ್ತಾರೆ. ಇಬ್ಬರನ್ನೂ ನಾನೇ ಕೇಳ್ತೀನಿ."

"ಮೂವರು. ಆ ಮಗು?"

"ಅದಕ್ಕೆ ಇನ್ನೂ ಕೂರೋಕೆ ಬರಲ್ಲ."

"ಅದೇ ತೊಂದರೆ. ಹದಿನೆಂಟು ತುಂಬೋ ತನಕ ಅದರ ಒಪ್ಪಿಗೆ ಒಪ್ಪಿಗೆ ಅಲ್ಲ. ಅದು ಬೆಳೆಯೋದರೊಳಗೆ ಇನ್ನೊಂದು ಹುಟ್ಟಿದರೆ ಅದೂ ಸೇರುತ್ತೆ."

ಅತ್ತೆ ಬೆರಳಲ್ಲಿ ಎಣಿಸಲಿಲ್ಲ. ಎಣಿಸದೆಯೇ ಗೊತ್ತಾಯಿತು: ಆಗ ತನಗೆ ಎಪ್ಪತ್ತಕ್ಕೆ ಒಂದೇ ಕಡಿಮೆ.

"ಬೇರೆ ದಾರಿ ಇಲ್ವಾ?"

"ಕೋರ್ಟು ಇದೆ. ಇಲ್ಲ ಅಂದ್ರೆ ಪತ್ರದಲ್ಲೇ ದಾರಿ ಇಟ್ಟಿರಬೇಕಿತ್ತು." ವಕೀಲಮ್ಮ ಕನ್ನಡಕ ತೆಗೆದರು. "ಇಟ್ಟಿದ್ದೆ. ನೀವೇ ಬೇಡ ಅಂದ್ರಲ್ಲ?"

"ನಾನಾ?"

ವಕೀಲಮ್ಮ ಎದ್ದು ಕಪಾಟಿನಿಂದ ಹಳೆಯ ಕಡತ ತಂದರು. ಮೊದಲ ಕರಡು. ಹನ್ನೊಂದನೆಯ ಕಲಮು: ಟ್ರಸ್ಟಿಯು ಮೂರು ತಿಂಗಳ ಮುಂಚೆ ಬರಹದಲ್ಲಿ ತಿಳಿಸಿ ತನ್ನ ಹೊಣೆಯಿಂದ ನಿವೃತ್ತಿ ಹೊಂದಬಹುದು. ಅದರ ಮೇಲೆ ಕೆಂಪು ಪೆನ್ಸಿಲಿನ ಗೀಟು, ಒಂದಲ್ಲ, ಎರಡು. ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ಆ ಪೆನ್ಸಿಲನ್ನು ಅವಳು ದಿನವೂ ಅಣ್ಣನ ಕಿವಿಯ ಮೇಲೆ ನೋಡುತ್ತಿದ್ದಳು.

"ತಂಗಿಗೆ ಇದು ಬೇಕಿಲ್ಲ, ಅವಳೇ ತೆಗೆಸು ಅಂದಳು ಅಂದ್ರು. ನಿಮ್ಮನ್ನೇ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು," ಎಂದರು ವಕೀಲಮ್ಮ.

ಅವಳು ಕಾರ್ಖಾನೆಗೆ ನಡೆದು ಬಂದಳು. ಬಾಗಿಲಲ್ಲಿ ಒಬ್ಬ ಹಿಡಿಯ ಮರ ಒದ್ದೆಯಾಗಿದೆ ಎಂದ, ಮೆಟ್ಟಿಲಲ್ಲಿ ಒಬ್ಬಳು ರಜೆ ಕೇಳಿದಳು, ಮೇಜಿನ ಬಳಿ ಇಬ್ಬರು ಒಂದೇ ಹಣಿಗೆಗೆ ಕಿತ್ತಾಡುತ್ತಿದ್ದರು. ಎಲ್ಲರಿಗೂ ಉತ್ತರ ಹೇಳಿದಳು. ಏನು ಹೇಳಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಅಣ್ಣ ತನ್ನ ಗಾಜಿನ ಕೋಣೆಯಲ್ಲಿ ಕೂತಿದ್ದ. ಅವಳು ಕರಡಿನ ಹಾಳೆಯನ್ನು ಅವನ ಮುಂದೆ ಇಟ್ಟಳು.

ಅಣ್ಣ ಅದನ್ನು ಮುಟ್ಟಲಿಲ್ಲ.

"ನೀನಿಲ್ದೆ ಇದು ಆರು ತಿಂಗಳೂ ನಿಲ್ಲಲ್ಲ," ಎಂದ.

"ಅದನ್ನ ನನಗೆ ಹೇಳಬಹುದಿತ್ತು."

"ಹೇಳಿದ್ರೆ ಇರ್ತಿದ್ಯಾ?"

"ಇಲ್ಲ."

"ಮತ್ತೆ?"

ಈ "ಮತ್ತೆ" ಅವಳ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು. ಅವನಿಗೆ ಅದು ಮೋಸ ಎನಿಸಿಯೇ ಇರಲಿಲ್ಲ. ಕೊಟ್ಟಿಗೆಯ ಬಾಗಿಲು ಹಾಕಿದಷ್ಟು ಸಹಜವಾಗಿ ಆ ಗೀಟು ಎಳೆದಿದ್ದ.

ಅವಳು ಕೂಗಾಡಲಿಲ್ಲ. ಕೆಲಸ ನಿಲ್ಲಿಸಲೂ ಇಲ್ಲ. ನಿಲ್ಲಿಸಿದರೆ ಟ್ರಸ್ಟಿ ಹೊಣೆ ತಪ್ಪಿದಳು ಎಂದು ಅದೊಂದು ಹೊಸ ಕುಣಿಕೆ. ಅಣ್ಣನ ಜೊತೆ ಮಾತು ಮಾತ್ರ ಬಿಟ್ಟಳು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಅವನ ಮೇಜಿನ ಮೇಲೆ ಇಡುತ್ತಿದ್ದಳು. "ಅಂಟು ಮುಗಿದಿದೆ." "ನಾಳೆ ಲಾರಿ ಬರುತ್ತೆ." ಮೂರು ವಾರ ಹೀಗೆ ನಡೆಯಿತು. ಜನ್ಮದಲ್ಲಿ ಅವಳು ಅಣ್ಣನ ಜೊತೆ ಮೂರು ದಿನ ಮಾತು ಬಿಟ್ಟವಳಲ್ಲ. ನಾಲ್ಕನೆಯ ವಾರ ಅಣ್ಣ ಮತ್ತೆ ಮೆಟ್ಟಿಲು ಹತ್ತಿ ಬಂದ. ಈ ಸಲ ಕಿಟಕಿಯ ತನಕ ಬರಲಾಗದೆ ಬಾಗಿಲಲ್ಲೇ ಕೂತುಬಿಟ್ಟ.

"ತಪ್ಪಾಯ್ತು. ನಡಿ, ವಕೀಲಮ್ಮನ ಹತ್ರ ಹೋಗಿ ಹರಿದು ಹಾಕಿಸೋಣ. ಎಲ್ಲ ನನ್ನ ಹೆಸರಿಗೆ ವಾಪಸ್ ಬರ್ಲಿ. ಆಮೇಲೆ ಏನಾದ್ರೂ ಆಗ್ಲಿ."

ಇಬ್ಬರೂ ಹೋದರು. ದಾರಿಯುದ್ದಕ್ಕೂ ಅಣ್ಣ ಅವಳ ಭುಜ ಹಿಡಿದು ನಡೆದ. ಅವಳು ಭುಜ ಕೊಟ್ಟಳು, ಮಾತು ಕೊಡಲಿಲ್ಲ.

"ಹರಿಯೋಕೆ ಆಗಲ್ಲ, ಯಜಮಾನ್ರೇ," ಎಂದರು ವಕೀಲಮ್ಮ. "ಹಿಂದಕ್ಕೆ ತಗೊಳ್ಳೋ ಹಾಗಿಲ್ಲ ಅಂತ ನೀವೇ ಬರೆಸಿದ್ದೀರಿ. ಮಗ ಬಲವಂತ ಮಾಡಿ ರದ್ದು ಮಾಡಿಸಿಬಿಡ್ತಾನೆ ಅಂತ ನಿಮಗೆ ಭಯ ಇತ್ತು."

"ನಾನು ಕಟ್ಟಿದ್ದನ್ನ ನಾನೇ ಬಿಚ್ಚೋಕಾಗಲ್ವಾ?"

"ನಿಮ್ಮದಾಗಿದ್ದರೆ ಬಿಚ್ಚಬಹುದಿತ್ತು. ಈಗ ಅದು ನಿಮ್ಮದಲ್ಲ. ಇವರ ಕೈಯಲ್ಲಿದೆ, ಆದರೆ ಇವರದೂ ಅಲ್ಲ."

ಕೆಳಗಿನ ಅಂಗಡಿಯಿಂದ ಔಷಧಿಯ ಕಹಿ ವಾಸನೆ ಬರುತ್ತಿತ್ತು. ಅಣ್ಣನ ಕೈ ಕಿವಿಯ ಕಡೆ ಹೋಗಿ, ಪೆನ್ಸಿಲು ಮುಟ್ಟಿ, ಹಾಗೆಯೇ ಕೆಳಗೆ ಬಂತು. ಆ ಹೊತ್ತಿಗೆ ಅತ್ತೆಗೆ ಅವನ ಮೇಲೆ ಇದ್ದ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿತು. ಬೋನು ಒಡ್ಡಿದವನೂ ಒಳಗೇ ಇದ್ದ.

ಉಳಿದದ್ದು ಕೋರ್ಟು. ಮೊದಲು ಮಕ್ಕಳನ್ನು ಕೇಳಿದಳು. ಅಣ್ಣನ ಮಗಳು ಮಗುವಿನ ಬಾಯಿ ಒರೆಸುತ್ತ, "ಹೋಗಿ ಅತ್ತೆ, ನೀವಾದ್ರೂ ಸುಖವಾಗಿರಿ. ನಿಮ್ಮ ಜಾಗಕ್ಕೆ ನಮ್ಮಣ್ಣ ಬರಬಾರದು, ಅಷ್ಟೇ" ಎಂದಳು. ಅಣ್ಣನ ಮಗ ಆಫೀಸಿನಿಂದ ಆಚೆ ಬಂದು, ಕಾರಿಗೆ ಒರಗಿ, ಅವಳ ಮಾತನ್ನು ಪೂರ್ತಿ ಕೇಳಿದ.

"ನಾನು ಒಪ್ತೀನಿ ಅತ್ತೆ. ಹೋಗೋ ಮುಂಚೆ ಕಟ್ಟಡ ಮಾರೋಕೆ ಒಂದು ಸಹಿ ಹಾಕಿ."

"ಅದಕ್ಕೆ ಪತ್ರದಲ್ಲಿ ಅಧಿಕಾರ ಇಲ್ಲ ಕಣೋ."

"ಹಾಗಿದ್ರೆ ನನಗೂ ಒಪ್ಪೋಕೆ ಕಾರಣ ಇಲ್ಲ."

ಅವನ ಮೂಗಿಗೆ ಔಷಧಿ ಹಾಕಿ, ಅವನ ಲೆಕ್ಕದ ಪಾಠ ಕೇಳಿ ಬೆಳೆಸಿದವಳು ಅವಳು. ಅವನು ಕೆಟ್ಟವನಲ್ಲ, ಕೈಗೆ ಸಿಕ್ಕ ಹಗ್ಗವನ್ನು ಎಳೆದು ನೋಡುವವನು. ಅವರಪ್ಪನೂ ಹಾಗೆಯೇ.

ನ್ಯಾಯಾಧೀಶರು ಬೆಳಗಿನ ಮೂರನೆಯ ಪ್ರಕರಣವಾಗಿ ಅವಳನ್ನು ಕರೆದರು. ತಾಳ್ಮೆಯ ಮನುಷ್ಯ. ಅವಳಿಗೆ ಕೂರಲು ಕುರ್ಚಿ ಹಾಕಿಸಿದರು.

"ಬಿಡಬೇಕು ಅಂತೀರಿ. ನಿಮ್ಮ ಮೇಲೆ ಯಾರದಾದ್ರೂ ದೂರಿದೆಯಾ?"

"ಇಲ್ಲ ಸ್ವಾಮಿ."

"ಆರೋಗ್ಯ?"

"ಚೆನ್ನಾಗಿದೆ."

"ಮತ್ತೆ ಕಾರಣ?"

ಅತ್ತೆ ಕೂತವರ ಕಡೆ ಒಮ್ಮೆ ನೋಡಿದಳು. ಹಿಂದಿನ ಬೆಂಚಿನಲ್ಲಿ ಈಜು ಮೇಷ್ಟ್ರು ಒಗೆದ ಅಂಗಿ ಹಾಕಿಕೊಂಡು, ಕೈಕಟ್ಟಿ ಕೂತಿದ್ದರು. "ನನಗೆ ಮದುವೆ ಆಗಬೇಕು," ಎಂದಳು.

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. "ಒಳ್ಳೆ ಕಾರಣ," ಎಂದರು. "ನಿಮ್ಮ ಜಾಗಕ್ಕೆ ಯಾರು?"

ವಕೀಲಮ್ಮ ನಡುವಿನ ಅಂತಸ್ತಿನ ಮೇಸ್ತ್ರಿ ಹೆಂಗಸಿನ ಹೆಸರು ಹೇಳಿದರು. ಮಗನ ವಕೀಲ ಎದ್ದು, ಲೆಕ್ಕಪತ್ರ ಓದಲು ಬಾರದ ಸಂಬಳದವಳ ಕೈಗೆ ಮಾಲೀಕತನವೇ ಎಂದ. ಮಗನ ಹೆಸರು ಬಂತು. ಮಗಳು ಎದ್ದು ನಿಂತು ಬೇಡ ಎಂದಳು. ಮಗಳ ಹೆಸರು ಬಂತು. ಬ್ರಷ್ಷಿನ ಯಾವ ಕಡೆ ಹಿಡಿಯಬೇಕೆಂದು ಇವಳಿಗೆ ಗೊತ್ತಿದೆಯೇ ಎಂದು ಮಗ ಕೇಳಿದ. ನ್ಯಾಯಾಧೀಶರು ಕೆಲಸ ಗೊತ್ತಿದೆಯೇ ಎಂದು ಮಗಳನ್ನೇ ಕೇಳಿದರು. ಅವಳು ತಲೆ ತಗ್ಗಿಸಿದಳು.

"ಟ್ರಸ್ಟಿ ಇಲ್ಲದೆ ಟ್ರಸ್ಟ್ ಬಿಡೋಕಾಗಲ್ಲ," ಎಂದರು ನ್ಯಾಯಾಧೀಶರು. "ಆ ಮಗುವಿನ ಪರವಾಗಿ ಯೋಚಿಸೋನು ಇಲ್ಲಿ ನಾನೊಬ್ಬನೇ. ಕೆಲಸ ಬಲ್ಲ, ಯೋಗ್ಯ ವ್ಯಕ್ತಿ ಸಿಕ್ಕ ದಿನ ಬನ್ನಿ, ಅವತ್ತೇ ಬಿಡುಗಡೆ ಮಾಡ್ತೀನಿ. ಅಲ್ಲಿ ತನಕ ನೀವೇ ಇರಬೇಕು."

ಬೇಸಿಗೆಯ ಮೊದಲ ತಾರೀಖು ಬಂತು, ಹೋಯಿತು. ಕೊಳದ ಪಕ್ಕದ ಮನೆಗೆ ನೀರಿನ ಪಂಪು ನೋಡಿಕೊಳ್ಳುವವನ ಸಂಸಾರ ಬಂತು. ಈಜು ಮೇಷ್ಟ್ರು ತಾವೇ ಇಲ್ಲಿಗೆ ಬಂದು ಇರೋಣವೆಂದರೆ, ಕೊಳದ ಕೆಲಸದಿಂದ ಅವರ ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ಮೇಲಿನ ಕೋಣೆಯ ವಿಷಯಕ್ಕೆ ಅಣ್ಣನ ಮಗನ ವಕೀಲನಿಂದ ಮುಂಚೆಯೇ ಕಾಗದ ಬಂದಿತ್ತು: ಟ್ರಸ್ಟಿಯು ಟ್ರಸ್ಟಿನ ಆಸ್ತಿಯನ್ನು ಸ್ವಂತ ಅನುಕೂಲಕ್ಕೆ ಬಳಸತಕ್ಕದ್ದಲ್ಲ. ಐವತ್ತು ವರ್ಷ ಮಲಗಿ ಎದ್ದ ಕೋಣೆಯಲ್ಲಿ ಅವಳು ಈಗ ಅಪ್ಪಣೆ ಪಡೆದು ಇರುವವಳು.

"ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದಳು ಅವಳು ರೈಲು ನಿಲ್ದಾಣದ ಬೆಂಚಿನಲ್ಲಿ.

"ನೋಡಿದೆ. ಯಾರೂ ಬ್ರಷ್ ಬಗ್ಗೆ ಅಷ್ಟು ಚೆನ್ನಾಗಿ ಬರೆಯಲ್ಲ," ಎಂದರು ಮೇಷ್ಟ್ರು. ಸ್ವಲ್ಪ ಹೊತ್ತಾದ ಮೇಲೆ, "ಟ್ರಸ್ಟಿ ಮದುವೆ ಆಗಬಾರದು ಅಂತ ಆ ಹದಿನೆಂಟು ಹಾಳೇಲಿ ಎಲ್ಲಾದ್ರೂ ಇದೆಯಾ?" ಎಂದು ಕೇಳಿದರು.

ಈ ಸಲ ಅವಳು ಪ್ರತಿಯೊಂದು ಹಾಳೆಯನ್ನೂ ಓದಿದ್ದಳು. ಇರಲಿಲ್ಲ.

ಒಂದು ಶನಿವಾರ ಅವರು ಮದುವೆಯಾದರು. ಅಣ್ಣ ಸಾಕ್ಷಿಯಾಗಿ ಸಹಿ ಹಾಕಿದ; ಅವಳು ಕಾಗದ ಹಿಡಿದುಕೊಟ್ಟಳು. "ಇಲ್ಲಿ," ಎಂದಳು. ಎರಡು ತಿಂಗಳಲ್ಲಿ ಅವನಿಗೆ ಅವಳು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ಅವನು ಅಲ್ಲೇ ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡ. ಭಾನುವಾರ ಸಂಜೆಯ ರೈಲಿಗೆ ಮೇಷ್ಟ್ರು ಹೋದರು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಅವರು ಬರುತ್ತಿದ್ದರು, ನಡುವಿನ ವಾರ ಅವಳು ಹೋಗುತ್ತಿದ್ದಳು. ಬಂದಾಗ ಅವರು ನಿಲ್ದಾಣದ ಎದುರಿನ ಸಣ್ಣ ವಸತಿಗೃಹದಲ್ಲಿ ಉಳಿಯುತ್ತಿದ್ದರು, ಅವಳೂ ಅಲ್ಲಿಗೇ. ಅಲ್ಲಿಯ ಯಜಮಾನತಿ ಮೊದಮೊದಲು ಅನುಮಾನದಿಂದ ನೋಡಿ, ಆಮೇಲೆ ಒಳ್ಳೆಯ ಕಿಟಕಿಯ ಕೋಣೆಯನ್ನು ಅವರಿಗೇ ಇಡತೊಡಗಿದಳು. ಸೋಮವಾರ ಬೆಳಗ್ಗೆ ಕಾರ್ಖಾನೆಯ ಬಾಗಿಲು ದಾಟುವಾಗ ಅತ್ತೆ ಪ್ರತಿಸಲವೂ ಒಮ್ಮೆ ನಿಲ್ದಾಣದ ಕಡೆ ತಿರುಗಿ ನೋಡುತ್ತಿದ್ದಳು. ಆಮೇಲೆ ಯಾರೋ ಏನೋ ಕೇಳುತ್ತಿದ್ದರು, ಮರೆಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನ ಮಗಳು ಒಂದು ಬೆಳಗ್ಗೆ ಮಗುವನ್ನು ಎತ್ತಿಕೊಂಡು ನಡುವಿನ ಅಂತಸ್ತಿಗೆ ಬಂದಳು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಖಾಲಿಯಿದ್ದ ಬೆಂಚಿನ ಮೇಲೆ ಕೂತಳು.

"ಕಲಿಸಿ ಅತ್ತೆ."

"ಯಾಕೆ, ಕೋರ್ಟಲ್ಲಿ ಅವಮಾನ ಆಯ್ತು ಅಂತಲಾ?"

"ಅದೂ ಹೌದು. ನಿಮ್ಮನ್ನ ಕೂಡಿ ಹಾಕಿಟ್ಟಿರೋ ಬೀಗ ನಾನೂ ನನ್ನ ಕೂಸೂ ಅಂತ ಗೊತ್ತಾದ ಮೇಲೆ ಮನೇಲಿ ಕೂರೋಕಾಗ್ತಿಲ್ಲ."

ಅತ್ತೆ ಒಂದು ಹಿಡಿ ಕೂದಲು ಅವಳ ಮುಂದೆ ಹಾಕಿ, ಹಣಿಗೆ ಕೊಟ್ಟಳು. ಹುಡುಗಿ ಬಾಚಿದಳು, ಬೇರ್ಪಡಿಸಿದಳು, ಬೆವರಿದಳು, ಕಟ್ಟು ಕಟ್ಟಿ ಕೊಟ್ಟಳು. ಅತ್ತೆ ಬೆರಳ ನಡುವೆ ಹೊಸಕಿ ನೋಡಿ, ದಾರ ಬಿಚ್ಚಿ, ಎಲ್ಲವನ್ನೂ ಮತ್ತೆ ಮೇಜಿನ ಮೇಲೆ ಸುರಿದಳು.

"ಕೂದಲ ತುದಿ, ಬೇರು ಬೆರೆತಿದೆ. ಎಲ್ಲ ಬೇರು ಒಂದೇ ಕಡೆ ಬರಬೇಕು."

"ಇದನ್ನ ಕಲಿಯೋಕೆ ಎಷ್ಟು ದಿನ ಬೇಕು?"

"ನನಗೆ ನಾಲ್ಕು ವರ್ಷ ಬೇಕಾಯ್ತು."

ಹುಡುಗಿ ತಲೆಯೆತ್ತಿ ಅವಳ ಮುಖ ನೋಡಿದಳು. ಅತ್ತೆಯ ಸೊಂಟದ ಮೇಲೆ ಕೂತಿದ್ದ ಮಗು ಮೇಜಿನ ಕಡೆ ವಾಲಿ ಒಂದು ಹಿಡಿ ಕೂದಲಿಗೆ ಕೈ ಹಾಕಿತು. ಅತ್ತೆ ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದಳು.

"ನೀನು ಮೂರರಲ್ಲಿ ಕಲಿ," ಎಂದಳು.